ಎಳೆ ಸಿಕ್ಕರೆ

ಮಂಗಳವಾರ ಹನ್ನೊಂದಕ್ಕೆ ಕರಿಬಸಪ್ಪ ಬಂದ,
ಹೆಗಲ ಮೇಲೆ ಒಂದು ಚೀಲ ಮೆಕ್ಕೆಜೋಳದ ತವುಡು,
ಎ.ಪಿ.ಎಂ.ಸಿ. ಯಾರ್ಡಿನ ಧೂಳು ಹುಬ್ಬಿನ ತನಕ.
"ಎಲ್ಲಿ ಇಡ್ಲವ್ವಾ?"
ಲ್ಯಾಬಿನಲ್ಲಿ ಮೊಳದಷ್ಟು ಜಾಗವಿಲ್ಲ.
ತಕ್ಕಡಿಗೆ ಗಾಜಿನ ಮನೆ, ಫ್ರಿಜ್ಜಿಗೆ ಬೀಗ,
ನೆಲದ ಮೇಲೆ ನನ್ನ ಚಪ್ಪಲಿ, ನಿನ್ನೆಯ ಊಟದ ಡಬ್ಬಿ.
ಚಪ್ಪಲಿ ಸರಿಸಿದೆ.

ಚೀಲದ ಬಾಯಿ ಬಿಗಿಯಾಗಿ ಹೊಲಿದಿತ್ತು.
ಬ್ಲೇಡು ಹುಡುಕಿದೆ, ಕತ್ತರಿ ಹುಡುಕಿದೆ,
ನಾಲ್ಕು ಕಡೆ ಕೊಯ್ದೆ,
ಸೆಣಬು ಎದ್ದಿತೇ ಹೊರತು ಬಾಯಿ ಬಿಡಲಿಲ್ಲ.
"ತಡೀರಿ," ಅಂದ. ಬಗ್ಗಿ,
ಎಡತುದಿಯ ಗಂಟಿನ ಬಳಿ ಎರಡು ದಾರದಲ್ಲಿ ಒಂದನ್ನು
ಉಗುರಿನಿಂದ ಮೀಟಿ
ಎಳೆದ.
ಸರ್ರನೆ ಅಷ್ಟೂ ಹೊಲಿಗೆ ನಗುತ್ತಾ ಬಿಚ್ಚಿಕೊಂಡಿತು.
"ಎಳಿ ಸಿಗಬೇಕ್ರಿ. ಸಿಕ್ರ ಕೂಸೂ ಬಿಚ್ತೈತಿ.
ಸಿಗ್ಲಿಲ್ಲಂದ್ರ ಪೈಲ್ವಾನ್ ಬಂದ್ರೂ ಅಷ್ಟ."

ಎರಡು ವರ್ಷ ನಾನು ಇದನ್ನೇ
ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಹಾಕಿ
ಹೇಳಲು ಒದ್ದಾಡಿದ್ದು.

ಕಾಳಿನ ಸಿಪ್ಪೆಯೂ ಹೊಲಿದ ಚೀಲವೇ.
ಸಕ್ಕರೆಯ ಉದ್ದ ಸರಪಳಿಗಳ ನಡುವೆ
ಅಲ್ಲಲ್ಲಿ ಫೆರುಲಿಕ್ ಆಮ್ಲದ ಟಾಕು,
ಗಾಳಿಗೆ, ಹುಳುವಿನ ಹಲ್ಲಿಗೆ ಜಗ್ಗದಂತೆ
ಗಿಡ ತಾನೇ ಕೂತು ಹಾಕಿಕೊಂಡದ್ದು.
ಕ್ಷಾರ ಸುರಿದು ಕುದಿಸಿದರೂ ಬಿಚ್ಚುತ್ತದೆ, ಸುಳ್ಳಲ್ಲ,
ನನ್ನ ಬ್ಲೇಡಿನ ಹಾಗೆ: ಚೀಲವೂ ಹಾಳು, ಬೆರಳೂ.
ಆಮೇಲೆ ಆ ಸುಡುನೀರನ್ನು ಯಾವ ಮೋರಿಗೆ ಚೆಲ್ಲುವುದು?

ಕಿಣ್ವಕ್ಕೆ ಗೊತ್ತು ಯಾವ ದಾರವೆಂದು.
ಬಾಣಂತಿಗೆ ಎರೆಯುವ ನೀರಿನಷ್ಟು ಬಿಸಿ ಸಾಕು ಅದಕ್ಕೆ.
ಮೀರಿದರೆ ಮುದುಡಿ ಕೂರುತ್ತದೆ,
ಮತ್ತೆ ಎಷ್ಟು ತಣಿಸಿ ರಮಿಸಿದರೂ ಏಳುವುದಿಲ್ಲ.
ಏಪ್ರಿಲ್ ಪೂರ್ತಿ ಹಾಗೇ ಹೋಯಿತು,
ದಾವಣಗೆರೆಯ ಕರೆಂಟು ಹೋಗಿ, ಬಂದು,
ಬಂದದ್ದು ಒಮ್ಮೆಲೇ ಬಂದು,
ನೀರಿನ ತೊಟ್ಟಿ ಎಂಬತ್ತಕ್ಕೆ ಹತ್ತಿ.

ಬಿಚ್ಚಿ ಬಂದ ಆಮ್ಲದಿಂದ
ಇನ್ನೆರಡು ಕಿಣ್ವ ಸೇರಿ ಎರಡು ಇಂಗಾಲ ಕಳಚಿದರೆ
ಆಗ ವೆನಿಲ್ಲಾ.
ಒಂದು ಸೇರು ತವುಡಿಗೆ ಉಗುರಿನ ತುದಿಯಷ್ಟು.

ಸೀಸೆಯ ಮುಚ್ಚಳ ತೆಗೆದು ಹಿಡಿದೆ:
"ನೋಡಿ, ನೀವು ಹೊತ್ತು ತಂದದ್ದರಲ್ಲಿ ಇದು ಇತ್ತು."
ಕರಿಬಸಪ್ಪ ಮೂಗಿಗೆ ತಂದ. ಕಣ್ಣು ಮುಚ್ಚಿದ.
ಬಹಳ ಹೊತ್ತು.
ಪಕ್ಕದ ಕೋಣೆಯಿಂದ ನಾಗವೇಣಿ ಇಣುಕಿ
"ಐಸ್‌ಕ್ರೀಮ್ ತಂದೋರು ಯಾರು?" ಎಂದು ಕೇಳಿ ಹೋದಳು.
ಅವನು ನಕ್ಕ.
"ಇಪ್ಪತ್ತಾರು ವರ್ಷ ಹೊಟ್ಟಿನ ಧೂಳು ಕುಡದ ಮೂಗು, ಅವ್ವಾ.
ಒಗ್ಗರಣಿ ಸೀದು ಕರ್ರಗಾದ್ರೂ ನನಗ ಗೊತ್ತಾಗಂಗಿಲ್ಲ.
ನೀವ ಹೇಳ್ರಿ. ಹೆಂಗೈತಿ?"

ಹೇಗಿದೆ.
ಎಂಟು ಇಂಗಾಲ, ಎಂಟು ಜಲಜನಕ, ಮೂರು ಆಮ್ಲಜನಕ,
ಬರೆದು ತೋರಿಸಬಲ್ಲೆ.
"ಮಂಡಿಪೇಟೆ ಬೇಕರಿಯಲ್ಲಿ ಸಂಜೆ ನಾಲ್ಕಕ್ಕೆ
ಒಲೆಯ ಬಾಗಿಲು ತೆಗೀತಾರಲ್ಲ..."
ಅದಲ್ಲ.
"ಹಳೇ ಪುಸ್ತಕದ ನಡುವಿನ ಹಾಳೆ."
ಅದೂ ಅಲ್ಲ.
"ಕೂಸು ಹಾಲು ಕುಡಿದು ಮಲಗಿದ ಮೇಲೆ
ಅದರ ಕುತ್ತಿಗೆಯ ಹತ್ತಿರ."

"ಹಾಂ," ಅಂದ. "ನಮ್ಮ ದೊಡ್ಡಾಕಿ."
ಸೀಸೆಯನ್ನು ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟ.

ತವುಡನ್ನು ಡ್ರಮ್ಮಿಗೆ ಸುರಿದು
ಚೀಲ ಕೊಡವಿ ನಾಲ್ಕು ಮಡಿಕೆ ಮಾಡಿದ.
"ಖಾಲಿ ಚೀಲ ಲೆಕ್ಕಕ್ಕ ಬರ್ತೈತ್ರಿ, ಸಾವ್ಕಾರ ಕೇಳ್ತಾನ."
ದಾರವನ್ನೂ ಬಿಸಾಡಲಿಲ್ಲ,
ಹೆಬ್ಬೆರಳಿಗೆ ಸುತ್ತಿ ಕಿಸೆಗೆ ಹಾಕಿಕೊಂಡ.
ಊಟದ ಹೊತ್ತಿಗೆ ಇನ್ನೂ ಮುನ್ನೂರು ಚೀಲ ಬಿಚ್ಚುವುದಿತ್ತಂತೆ.

ನಾನು ತೊಟ್ಟಿಯ ಮುಳ್ಳು ನೋಡಿದೆ.
ನಲವತ್ತೊಂಬತ್ತು.